ಮನೆಯ ನೀರು ಬೀದಿ ಪೈಪಿಗೆ ವಾಪಸು ಹರಿಯದಂತೆ ಏನು ಹಾಕಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಎರಡು ಮೂರು ಬಗೆಯ ನೀರು ಬಳಕೆಯಲ್ಲಿರುತ್ತದೆ. ಜಲಮಂಡಳಿಯ ಕಾವೇರಿ ನೀರು ಒಂದು, ಸ್ವಂತ ಬೋರ್ ನೀರು ಇನ್ನೊಂದು, ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರು. ಇವೆಲ್ಲ ಸಂಪಿನಲ್ಲೋ ಓವರ್‌ಹೆಡ್ ಟ್ಯಾಂಕಿನಲ್ಲೋ ಒಂದುಗೂಡುತ್ತವೆ. ಅದರಿಂದ ತೊಂದರೆಯಿಲ್ಲ. ಒಂದು ಬಗೆಯ ನೀರು ಇನ್ನೊಂದರ ಪೈಪಿನೊಳಗೆ ಹಿಂದಕ್ಕೆ ನುಗ್ಗಿದಾಗ ಮಾತ್ರ ತೊಂದರೆ ಶುರು. ಸ್ವಂತ ಮನೆ ಇರುವವರು, ಕಟ್ಟಿಸುತ್ತಿರುವವರು, ಅಪಾರ್ಟ್‌ಮೆಂಟ್ ಸಂಘದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ನಲ್ಲಿಗೆ ಬರುವ ನೀರು ಹಿಂದಕ್ಕೆ ಹೋಗುವುದಾದರೂ ಹೇಗೆ?

ಎರಡು ರೀತಿಯಲ್ಲಿ. ಮೊದಲನೆಯದು ಎಳೆತ. ಬೀದಿಯ ಪೈಪಿನಲ್ಲಿ ನೀರು ನಿಂತಾಗ, ಅಥವಾ ತಗ್ಗಿನ ಕಡೆ ಯಾರೋ ಜೋರಾಗಿ ಎಳೆದುಕೊಂಡಾಗ, ಪೈಪಿನೊಳಗೆ ನಿರ್ವಾತ ಉಂಟಾಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಪೈಪಿನ ತುದಿ ಎಲ್ಲಿ ಮುಳುಗಿದೆಯೋ ಅಲ್ಲಿನ ನೀರನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಬೆಂಗಳೂರಿನ ಎತ್ತರದಲ್ಲಿ ಪೂರ್ತಿ ನಿರ್ವಾತವಾದರೆ ನೀರು ಸುಮಾರು 9.2 ಮೀಟರ್ ಮೇಲೇರಬಲ್ಲದು, ಅಂದರೆ ಸಂಪಿನ ತಳದಿಂದ ರಸ್ತೆಯ ಮಟ್ಟಕ್ಕೆ ಬರುವುದು ಏನೇನೂ ಕಷ್ಟವಲ್ಲ. ಎರಡನೆಯದು ತಳ್ಳು. ನಿಮ್ಮ ಬೋರ್ ಮೋಟರ್, ಪ್ರೆಷರ್ ಪಂಪ್ ಅಥವಾ ಎತ್ತರದ ಟ್ಯಾಂಕಿನ ಒತ್ತಡ ಬೀದಿಯ ಒತ್ತಡಕ್ಕಿಂತ ಹೆಚ್ಚಾದರೆ ನೀರು ಆ ಕಡೆಗೇ ತಿರುಗುತ್ತದೆ. ನೀರಿನ ಕಂಬ 10 ಮೀಟರ್ ಎತ್ತರವಿದ್ದರೆ ಹತ್ತಿರ ಹತ್ತಿರ 1 ಬಾರ್ ಒತ್ತಡ. ಎರಡನೇ ಮಹಡಿಯ ಮೇಲಿನ ಟ್ಯಾಂಕಿನಿಂದಲೇ ಅಷ್ಟು ಸಿಗುತ್ತದೆ.

ದಿನವಿಡೀ ನೀರು ಬರುವ ಊರಿನಲ್ಲಿ ಪೈಪ್ ಒಡೆದಾಗಲೋ ಬೆಂಕಿ ಆರಿಸಲು ನೀರೆಳೆದಾಗಲೋ ಮಾತ್ರ ನಿರ್ವಾತವಾಗುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ನಮ್ಮಲ್ಲಿ ಪ್ರತಿ ಸಲ ವಾಲ್ವ್ ಮುಚ್ಚಿದಾಗಲೂ ಆ ಸಂದರ್ಭ ಬಂದೇ ಬರುತ್ತದೆ. ಹಾಗಾಗಿ ಇದನ್ನು ಅಪರೂಪದ ಅವಘಡ ಎಂದು ತಳ್ಳಿಹಾಕುವಂತಿಲ್ಲ. 1933ರಲ್ಲಿ ಷಿಕಾಗೋದ ಎರಡು ಹೋಟೆಲುಗಳಲ್ಲಿ ಕೊಳಚೆ ಪೈಪು ಮತ್ತು ಕುಡಿಯುವ ನೀರಿನ ಪೈಪುಗಳ ನಡುವಿನ ಅಡ್ಡ ಸಂಪರ್ಕದಿಂದ (ಸೇರಬಾರದ ಎರಡು ಪೈಪುಗಳು ಕೂಡಿಕೊಳ್ಳುವುದು) ಅಮೀಬಾ ಆಮಶಂಕೆ ಹರಡಿ 98 ಮಂದಿ ಸತ್ತರು. ಅಮೆರಿಕದಲ್ಲಿ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಲು ಅದೊಂದು ದೊಡ್ಡ ಕಾರಣ.

ನಮ್ಮ ಮನೆಯಲ್ಲಿ ಅಡ್ಡ ಸಂಪರ್ಕ ಇದೆಯೇ ಎಂದು ಪತ್ತೆ ಮಾಡುವುದು ಹೇಗೆ?

ಮೀಟರಿನಿಂದ ಶುರುಮಾಡಿ ಪೈಪಿನ ಜೊತೆಗೇ ನಡೆಯಿರಿ. ಎಲ್ಲೆಲ್ಲಿ ಟೀ (ಪೈಪು ಕವಲೊಡೆಯುವ ಮೂರು ಬಾಯಿಯ ಜೋಡಣೆ) ಕೂತಿದೆ, ಎಲ್ಲಿ ಗೇಟ್ ವಾಲ್ವ್ ಇದೆ, ಯಾವ ತುದಿ ಎಲ್ಲಿ ಬೀಳುತ್ತದೆ ಎಂದು ಕಾಗದದಲ್ಲಿ ಗೆರೆ ಎಳೆದುಕೊಳ್ಳಿ. ಗೋಡೆಯೊಳಗೆ ಹುದುಗಿದ ಪೈಪಿದ್ದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಅಳೆಯುವ ಮೀಟರ್ ಕೆಲಸಕ್ಕೆ ಬರುತ್ತದೆ. ಕಾವೇರಿ ನೀರಿಗಿಂತ ಬೋರ್ ನೀರಿನ ಟಿಡಿಎಸ್ ಸಾಮಾನ್ಯವಾಗಿ ಬಹಳ ಹೆಚ್ಚು. ಕಾವೇರಿ ನೀರು ಬರುತ್ತಿರುವಾಗ ಡೈರೆಕ್ಟ್ ನಲ್ಲಿಯ (ಟ್ಯಾಂಕಿಗೆ ಹೋಗದೆ ನೇರ ಬೀದಿ ಪೈಪಿನಿಂದ ನೀರು ಬರುವ ನಲ್ಲಿ) ನೀರನ್ನು ಒಂದು ಲೋಟದಲ್ಲಿ ಹಿಡಿದು ಅಳೆದು ಬರೆದಿಡಿ. ಬೋರ್ ನೀರನ್ನೂ ಬೇರೆಯಾಗಿ ಅಳೆಯಿರಿ. ಆಮೇಲೆ ಮೀಟರಿನ ಪಕ್ಕದ ವಾಲ್ವ್ ಮುಚ್ಚಿ, ಬೋರ್ ಮೋಟರ್ ಹತ್ತು ನಿಮಿಷ ಓಡಿಸಿ, ಅದೇ ಡೈರೆಕ್ಟ್ ನಲ್ಲಿ ತೆರೆಯಿರಿ. ನಿಂತ ನೀರು ಸ್ವಲ್ಪ ಸುರಿದು ನಿಂತುಹೋಗಬೇಕು. ನಿಲ್ಲದೆ ಬರುತ್ತಲೇ ಇದ್ದು, ಟಿಡಿಎಸ್ ಕೂಡ ಬೋರ್ ನೀರಿನ ಅಂಕಿಗೆ ಏರಿದರೆ ಎರಡೂ ಪೈಪುಗಳು ಎಲ್ಲೋ ಕೂಡಿವೆ ಎಂದೇ ಅರ್ಥ.

ಇದನ್ನು ತಡೆಯಲು ಯಾವ ಯಾವ ಸಾಧನಗಳಿವೆ?

ಎಲ್ಲಕ್ಕಿಂತ ಗಟ್ಟಿಯಾದದ್ದು ಏರ್ ಗ್ಯಾಪ್. ಅದು ಸಾಧನವೇ ಅಲ್ಲ, ಪೈಪಿನ ತುದಿಗೂ ನೀರಿನ ಗರಿಷ್ಠ ಮಟ್ಟಕ್ಕೂ ನಡುವೆ ಬಿಡುವ ಬರಿಯ ಜಾಗ. ಸವೆಯುವ ರಬ್ಬರಿಲ್ಲ, ಸಿಕ್ಕಿಕೊಳ್ಳುವ ಸ್ಪ್ರಿಂಗಿಲ್ಲ. ಎಳೆತ, ತಳ್ಳು ಎರಡಕ್ಕೂ ಇದೇ ಮದ್ದು.

ಎನ್‌ಆರ್‌ವಿ ಎಂದು ಅಂಗಡಿಯಲ್ಲಿ ಸಿಗುವುದು ಒಂದೇ ದಿಕ್ಕಿಗೆ ನೀರು ಬಿಡುವ ವಾಲ್ವ್. ಒಂದು ಕಸದ ಚೂರು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ, ಮುಚ್ಚಿಲ್ಲವೆಂದು ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಅದಕ್ಕೇ ಕುಡಿಯುವ ನೀರಿನ ರಕ್ಷಣೆಯನ್ನು ಅದೊಂದಕ್ಕೇ ಬಿಡಬಾರದು. ಎರಡು ಚೆಕ್ ವಾಲ್ವ್‌ಗಳನ್ನು (ಎನ್‌ಆರ್‌ವಿಗೆ ಇನ್ನೊಂದು ಹೆಸರು) ಒಂದರ ಹಿಂದೆ ಒಂದಿಟ್ಟು, ಪರೀಕ್ಷೆಗೆ ನಾಲ್ಕು ಪುಟ್ಟ ನಲ್ಲಿಗಳನ್ನು ಕೊಟ್ಟಿರುವುದು ಡಬಲ್ ಚೆಕ್ ಅಸೆಂಬ್ಲಿ. ಆ ಎರಡರ ನಡುವೆ ಹೊರಕ್ಕೆ ನೀರು ಚೆಲ್ಲುವ ರಿಲೀಫ್ ವಾಲ್ವ್ ಕೂಡ ಇದ್ದರೆ ಅದು ಆರ್‌ಪಿಜೆಡ್. ಒಳಗಿನ ಚೆಕ್ ಕೆಟ್ಟರೆ ನೀರು ನೆಲಕ್ಕೆ ಸುರಿಯುತ್ತದೆಯೇ ಹೊರತು ಬೀದಿ ಪೈಪಿಗೆ ಹೋಗುವುದಿಲ್ಲ, ಕೆಟ್ಟಿದೆ ಎನ್ನುವುದು ಕಣ್ಣಿಗೂ ಬೀಳುತ್ತದೆ.

ವ್ಯಾಕ್ಯೂಮ್ ಬ್ರೇಕರ್ ಇನ್ನೊಂದು ಜಾತಿ. ಪೈಪಿನಲ್ಲಿ ನಿರ್ವಾತವಾದೊಡನೆ ಗಾಳಿಯನ್ನು ಒಳಗೆ ಬಿಟ್ಟು ಎಳೆತವನ್ನು ಮುರಿಯುತ್ತದೆ. ಎಳೆತಕ್ಕೆ ಮಾತ್ರ ಇದರ ಉಪಯೋಗ, ಆಚೆಯಿಂದ ಮೋಟರ್ ತಳ್ಳುತ್ತಿದ್ದರೆ ಏನೂ ಮಾಡಲಾರದು.

ಹಾಗಾದರೆ ಸಾಮಾನ್ಯ ಮನೆಗೆ ಯಾವುದು ಸಾಕು?

ಸಂಪು ಮತ್ತು ಓವರ್‌ಹೆಡ್ ಟ್ಯಾಂಕು ಎರಡರಲ್ಲೂ ಸರಿಯಾದ ಏರ್ ಗ್ಯಾಪ್, ಕಾವೇರಿ ಪೈಪಿಗೆ ಒಳ್ಳೆಯ ಎನ್‌ಆರ್‌ವಿ ಒಂದು, ಹೋಸ್ ಸಿಕ್ಕಿಸುವ ಡೈರೆಕ್ಟ್ ನಲ್ಲಿಗಳಿಗೆ ವ್ಯಾಕ್ಯೂಮ್ ಬ್ರೇಕರ್. ಇಷ್ಟು ಸಾಕು. ಇವುಗಳಲ್ಲಿ ಮೊದಲನೆಯದು ಮಾಡದೆ ಉಳಿದವನ್ನು ಮಾತ್ರ ಹಾಕಿಸಿದರೆ ದುಡ್ಡು ದಂಡ.

ಏರ್ ಗ್ಯಾಪ್ ಎಷ್ಟಿರಬೇಕು? ಸಂಪಿನಲ್ಲಿ ಅಳೆಯುವುದು ಹೇಗೆ?

ಪೈಪಿನ ಒಳವ್ಯಾಸದ ಎರಡರಷ್ಟು, ಆದರೆ 25 ಮಿ.ಮೀ.ಗಿಂತ ಕಡಿಮೆ ಕೂಡದು. 15 ಮಿ.ಮೀ. ಪೈಪಿಗೆ 30, 20ಕ್ಕೆ 40, 25ಕ್ಕೆ 50. ಪೈಪಿನ ಬಾಯಿ ಗೋಡೆಗೆ ತೀರಾ ಹತ್ತಿರವಿದ್ದರೆ ಮೂರರಷ್ಟು ಬಿಡಬೇಕು. ಸಂಪಿನ ಇನ್‌ಲೆಟ್ ಬಹುತೇಕ ಗೋಡೆಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿ ಮೂರರ ಲೆಕ್ಕವೇ ಕ್ಷೇಮ.

ತಪ್ಪಾಗುವುದು ಎಲ್ಲಿಂದ ಅಳೆಯಬೇಕು ಎನ್ನುವುದರಲ್ಲಿ. ಫ್ಲೋಟ್ ವಾಲ್ವ್ (ನೀರು ತುಂಬಿದಾಗ ತೇಲಿ ತಾನೇ ಮುಚ್ಚುವ ವಾಲ್ವ್) ಮುಚ್ಚಿಕೊಳ್ಳುವ ಮಟ್ಟದಿಂದ ಅಳೆದರೆ ಲೆಕ್ಕಕ್ಕಿಲ್ಲ. ಫ್ಲೋಟ್ ಕೆಟ್ಟು ನೀರು ಹರಿದೇ ಹರಿದರೆ ಎಲ್ಲಿಯವರೆಗೆ ಏರುತ್ತದೋ ಅಲ್ಲಿಂದ ಅಳೆಯಬೇಕು. ಓವರ್‌ಹೆಡ್ ಟ್ಯಾಂಕಿನಲ್ಲಿ ಇದು ಸುಲಭ. ಓವರ್‌ಫ್ಲೋ ಪೈಪನ್ನು ಇನ್‌ಲೆಟ್‌ಗಿಂತ ಒಂದು ಸೈಜ್ ದೊಡ್ಡದಿಟ್ಟು, ಇನ್‌ಲೆಟ್‌ನ ಬಾಯಿಯನ್ನು ಅದರ ಮಟ್ಟಕ್ಕಿಂತ ಸಾಕಷ್ಟು ಮೇಲಿಡಿ. ಇನ್‌ಲೆಟ್ ಪೂರ್ತಿ ಸುರಿಯುತ್ತಿರುವಾಗ ನೀರು ಓವರ್‌ಫ್ಲೋದ ಅಂಚಿಗಿಂತ ತುಸು ಮೇಲೆಯೇ ನಿಲ್ಲುತ್ತದೆ, ಗ್ಯಾಪನ್ನು ಆ ಮಟ್ಟದಿಂದ ಅಳೆಯಿರಿ.

ಸಂಪು ನೆಲದೊಳಗಿರುವುದರಿಂದ ತಲೆನೋವು ಜಾಸ್ತಿ. ಅದರ ಓವರ್‌ಫ್ಲೋವನ್ನು ಮೋರಿಗೋ ಒಳಚರಂಡಿಯ ಛೇಂಬರಿಗೋ ಕೂಡಿಸಿದ ಮನೆಗಳಿವೆ. ಮಳೆಗಾಲದಲ್ಲಿ ಛೇಂಬರ್ ಕಟ್ಟಿಕೊಂಡಾಗ ಕೊಳಚೆ ಅದೇ ಪೈಪಿನಲ್ಲಿ ಸಂಪಿಗೆ ಬರುತ್ತದೆ. ಅಲ್ಲಿ ಕಾವೇರಿ ಪೈಪಿನ ಬಾಯಿ ಮುಳುಗಿದ್ದರೆ, ಮುಂದಿನ ಎಳೆತಕ್ಕೆ ಬೀದಿಯ ಎಲ್ಲ ಮನೆಗಳಿಗೂ ಅದರ ಪಾಲು ಸಿಗುತ್ತದೆ. ಅಂಥ ಸಂಪರ್ಕವನ್ನು ಇಂದೇ ಕಡಿದು ಮುಚ್ಚಿಸಿ.

ಹೊಸದಾಗಿ ಕಟ್ಟುವವರು ಸಂಪಿನ ಬಾಯಿಯ ಕಟ್ಟೆಯನ್ನು ಅಂಗಳದ ಮಟ್ಟಕ್ಕಿಂತ ಕನಿಷ್ಠ 150 ಮಿ.ಮೀ. ಎತ್ತರಿಸಿ. ಕಾವೇರಿ ಪೈಪನ್ನು ಆ ಕಟ್ಟೆಗಿಂತಲೂ ಮೇಲಕ್ಕೆ ತಂದು, ಎರಡು ಎಲ್ಬೋ ಹಾಕಿ ಬಗ್ಗಿಸಿ, ಬಾಯಿ ತೆರೆದೇ ಸಂಪಿನೊಳಕ್ಕೆ ಸುರಿಯುವಂತೆ ಮಾಡಿಸಿ. ಇಲಿ, ಸೊಳ್ಳೆ ಹೋಗದಂತೆ ಸುತ್ತ ಜಾಲರಿಯ ಪುಟ್ಟ ಗೂಡು ಕಟ್ಟಿಸಬಹುದು. ಹೀಗೆ ಮಾಡಿದರೆ ಸಂಪು ತುಂಬಿ ತುಳುಕಿದರೂ ಪೈಪಿನ ಬಾಯಿ ಮುಳುಗುವುದಿಲ್ಲ. ಅರ್ಧ ಮೀಟರ್ ಮೇಲೇರಲು ಬೇಕಾದ ಹೆಚ್ಚುವರಿ ಒತ್ತಡ 0.05 ಬಾರ್ ಮಾತ್ರ. ಅಷ್ಟೂ ಬಾರದ ಬೀದಿಗಳಲ್ಲಿ ಮಾತ್ರ ಇನ್‌ಲೆಟ್ ಅನ್ನು ಸ್ಲ್ಯಾಬಿನ ಕೆಳಗೇ ಇಟ್ಟು, ಫ್ಲೋಟನ್ನು 200 ಮಿ.ಮೀ. ಕೆಳಗೆ ನಿಲ್ಲುವಂತೆ ಹೊಂದಿಸಿ, ಸಂಪು ತುಂಬಿದಾಗ ಕೂಗುವ ಅಲಾರಂ ಹಾಕಿಸಿ. ಇದು ಎರಡನೇ ದರ್ಜೆಯ ಏರ್ಪಾಡು, ಆದ್ದರಿಂದ ಇಲ್ಲಿ ಎನ್‌ಆರ್‌ವಿ ಬಿಡುವಂತೆಯೇ ಇಲ್ಲ.

ನೀರು ಬೀಳುವ ಸದ್ದು ಜಾಸ್ತಿ ಎಂದು ಪೈಪನ್ನು ಸಂಪಿನ ತಳದವರೆಗೆ ಇಳಿಸಿದ್ದೇವೆ. ತಪ್ಪೇ?

ಹೌದು, ದೊಡ್ಡ ತಪ್ಪು. ರಾತ್ರಿ ಎರಡು ಗಂಟೆಗೆ ನೀರು ಬಂದಾಗ ನಿದ್ದೆ ಕೆಡುತ್ತದೆಂಬ ಕಾರಣಕ್ಕೆ ಇದನ್ನು ಮಾಡಿಸುತ್ತಾರೆ. ಆದರೆ ಮುಳುಗಿದ ಪೈಪು ಸಂಪನ್ನು ಬೀದಿಗೆ ಖಾಲಿ ಮಾಡುವ ಸ್ಟ್ರಾ ಆಗಿಬಿಡುತ್ತದೆ. "ರಾತ್ರಿ ಸಂಪು ತುಂಬಿತ್ತು, ಬೆಳಿಗ್ಗೆ ಅರ್ಧಕ್ಕೆ ಇಳಿದಿದೆ, ಎಲ್ಲೂ ಸೋರಿಕೆ ಕಾಣುತ್ತಿಲ್ಲ" ಎನ್ನುವವರ ಮನೆಯಲ್ಲಿ ನಾವು ಮೊದಲು ನೋಡುವುದೇ ಇದನ್ನು. ಇಳಿಸಿದ ತುಂಡನ್ನು ಕತ್ತರಿಸಿ ತೆಗೆಯಿರಿ. ಸದ್ದು ಕಡಿಮೆಯಾಗಬೇಕಿದ್ದರೆ ಪೈಪಿನ ಬಾಯನ್ನು ಗೋಡೆಯ ಕಡೆಗೆ ತುಸು ಓರೆಯಾಗಿಸಿ, ನೀರು ಗೋಡೆ ಹಿಡಿದು ಇಳಿಯುತ್ತದೆ.

ಬೋರ್ ಪೈಪು ಮತ್ತು ಕಾವೇರಿ ಪೈಪನ್ನು ಟೀ ಹಾಕಿ ಸೇರಿಸಿ, ನಡುವೆ ಗೇಟ್ ವಾಲ್ವ್ ಇಟ್ಟಿದ್ದಾರೆ. ಸಾಲದೇ?

ಸಾಲದು. ಗೇಟ್ ವಾಲ್ವ್ ಕೆಲವೇ ವರ್ಷಗಳಲ್ಲಿ ಕಟ್ಟು ಹಿಡಿದು ಬಿಗಿಯಾಗಿ ಕೂರುವುದನ್ನು ಬಿಡುತ್ತದೆ, ಬೋರ್ ನೀರಿನ ಗಡಸು ಅದಕ್ಕೆ ಇನ್ನಷ್ಟು ಬೇಗ ಸುಣ್ಣ ಕಟ್ಟಿಸುತ್ತದೆ. ಮನೆಯವರು ಮುಚ್ಚಲು ಮರೆತರಂತೂ ಮುಗಿಯಿತು. ನೂರಾರು ಅಡಿ ಆಳದಿಂದ ನೀರೆತ್ತುವ ಸಬ್‌ಮರ್ಸಿಬಲ್ ಪಂಪಿನ ಮುಂದೆ ಬೀದಿ ಪೈಪಿನ ಒತ್ತಡ ಏನೇನೂ ಅಲ್ಲ.

ಸರಿಯಾದ ದಾರಿ ಒಂದೇ. ಕಾವೇರಿ ಪೈಪು ಸಂಪಿಗೆ ಬೇರೆಯಾಗಿ, ಬೋರ್ ಪೈಪು ಸಂಪಿಗೋ ಟ್ಯಾಂಕಿಗೋ ಬೇರೆಯಾಗಿ, ಎರಡೂ ಮೇಲಿನಿಂದ ಗ್ಯಾಪ್ ಬಿಟ್ಟು ಬೀಳಬೇಕು. ಸಂಪಿನ ಮೋಟರೂ ಬೋರ್ ಮೋಟರೂ ಒಂದೇ ಪೈಪಿನಲ್ಲಿ ಟ್ಯಾಂಕಿಗೆ ಏರಿಸುತ್ತಿದ್ದರೆ ಟೀಗೆ ಮುಂಚೆ ಎರಡೂ ಕವಲಿಗೆ ಒಂದೊಂದು ಎನ್‌ಆರ್‌ವಿ ಬೇಕು. ಇಲ್ಲದಿದ್ದರೆ ಬೋರ್ ಓಡಿದಾಗ ನೀರು ಟ್ಯಾಂಕಿಗೆ ಏರುವ ಬದಲು ಸಂಪಿಗೆ ಇಳಿಯುತ್ತದೆ.

ಎನ್‌ಆರ್‌ವಿ ಕೊಳ್ಳುವಾಗ ಏನು ನೋಡಬೇಕು?

ಪೈಪಿನ ಸೈಜಿನದ್ದೇ ತನ್ನಿ. ಹಿತ್ತಾಳೆ ಅಥವಾ ಗನ್‌ಮೆಟಲ್‌ನದಾದರೆ ಐಎಸ್ 778 ಗುರುತು ಇದೆಯೇ ನೋಡಿ. ಫ್ಲ್ಯಾಪ್ ಇರುವ ಸ್ವಿಂಗ್ ಮಾದರಿಯನ್ನು ಅಡ್ಡವಾಗಿ ಹಾಕಬಹುದು, ನೆಟ್ಟಗೆ ಹಾಕುವುದಾದರೆ ನೀರು ಮೇಲಕ್ಕೆ ಹೋಗುವ ಪೈಪಿಗೆ ಮಾತ್ರ. ಕೆಳಮುಖ ಪೈಪಿಗೆ ಹಾಕಿದರೆ ಫ್ಲ್ಯಾಪ್ ತೂಗಿ ತೆರೆದೇ ಇರುತ್ತದೆ. ಸ್ಪ್ರಿಂಗ್ ಮಾದರಿ ಯಾವ ದಿಕ್ಕಿಗಾದರೂ ಆದೀತು, ಆದರೆ ಸ್ಪ್ರಿಂಗನ್ನು ನೂಕಲು ಒತ್ತಡ ಬೇಕಾದ್ದರಿಂದ ನೀರು ತೀರಾ ಸಣ್ಣಗೆ ಬರುವ ಬೀದಿಯಲ್ಲಿ ಹರಿವು ಇನ್ನೂ ಇಳಿಯುತ್ತದೆ. ಅಲ್ಲಿ ಸ್ವಿಂಗ್ ಮಾದರಿಯೇ ವಾಸಿ. ಸೀಟ್ ರಬ್ಬರಿನದಾಗಿದ್ದರೆ ಕಡಿಮೆ ಒತ್ತಡದಲ್ಲೂ ಬಿಗಿಯಾಗಿ ಕೂರುತ್ತದೆ, ಲೋಹದ ಸೀಟ್ ಹಾಗಲ್ಲ. ಮೇಲಿನ ಮುಚ್ಚಳ ಬಿಚ್ಚಿ ಸ್ವಚ್ಛ ಮಾಡುವಂತಿರಬೇಕು.

ಅದನ್ನು ಎಲ್ಲಿ, ಯಾವ ಕ್ರಮದಲ್ಲಿ ಹಾಕಿಸಬೇಕು? ಕೆಲಸ ಮಾಡುತ್ತಿದೆಯೆಂದು ತಿಳಿಯುವುದು ಹೇಗೆ?

ಮೀಟರ್ ದಾಟಿದ ಮೇಲೆ ಹಾಕಿಸಿ, ಮೀಟರ್ ಮತ್ತು ಅದರ ಸೀಲ್ ಮುಟ್ಟಬೇಡಿ. ಕ್ರಮ ಹೀಗೆ: ಬಾಲ್ ವಾಲ್ವ್, ಯೂನಿಯನ್ (ಬಿಚ್ಚಬಹುದಾದ ಜೋಡಣೆ), ವೈ ಸ್ಟ್ರೇನರ್ (ಕಸ ಹಿಡಿಯುವ ಜಾಲರಿ), ಟೀ ಹಾಕಿ 15 ಮಿ.ಮೀ. ಪರೀಕ್ಷೆ ನಲ್ಲಿ, ಎನ್‌ಆರ್‌ವಿ, ಇನ್ನೊಂದು ಪರೀಕ್ಷೆ ನಲ್ಲಿ, ಯೂನಿಯನ್, ಬಾಲ್ ವಾಲ್ವ್. ಬಾಣದ ಗುರುತು ಮನೆಯ ಕಡೆಗಿರಲಿ. ಟೆಫ್ಲಾನ್ ಟೇಪನ್ನು ಥ್ರೆಡ್ಡಿನ ಮೊದಲ ಸುತ್ತು ಬಿಟ್ಟು ಸುತ್ತಿ. ತುದಿಯಲ್ಲಿ ಜೋತಾಡುವ ಟೇಪಿನ ಚೂರು ಕಿತ್ತುಹೋಗಿ ಫ್ಲ್ಯಾಪಿಗೆ ಸಿಕ್ಕಿಕೊಳ್ಳುತ್ತದೆ, ಹೊಸ ಎನ್‌ಆರ್‌ವಿ ಮೊದಲ ದಿನದಿಂದಲೇ ಸೋರುವುದು ಹೆಚ್ಚಾಗಿ ಇದರಿಂದಲೇ.

ಆರು ತಿಂಗಳಿಗೊಮ್ಮೆ ಪರೀಕ್ಷಿಸಿ. ಎರಡೂ ಬಾಲ್ ವಾಲ್ವ್ ಮುಚ್ಚಿ. ಮನೆಯ ಕಡೆಯ ಪರೀಕ್ಷೆ ನಲ್ಲಿಗೆ ಓವರ್‌ಹೆಡ್ ಟ್ಯಾಂಕಿನ ನೀರಿನ ಹೋಸ್ ಸಿಕ್ಕಿಸಿ ಒತ್ತಡ ಕೊಡಿ. ಈಗ ಬೀದಿಯ ಕಡೆಯ ಪರೀಕ್ಷೆ ನಲ್ಲಿ ತೆರೆಯಿರಿ. ನಡುವೆ ನಿಂತಿದ್ದ ನೀರು ಸುರಿದು ಹನಿ ನಿಲ್ಲಬೇಕು. ಎರಡು ನಿಮಿಷ ಕಳೆದರೂ ತೊಟ್ಟಿಕ್ಕುತ್ತಿದ್ದರೆ ಮುಚ್ಚಳ ಬಿಚ್ಚಿ ಸೀಟ್ ಒರೆಸಿ, ರಬ್ಬರ್ ಸವೆದಿದ್ದರೆ ಬದಲಿಸಿ. ಪರೀಕ್ಷೆ ಮುಗಿದ ಮೇಲೆ ಹೋಸನ್ನು ಕಡ್ಡಾಯವಾಗಿ ಬಿಚ್ಚಿ, ಆಮೇಲಷ್ಟೇ ಬಾಲ್ ವಾಲ್ವ್ ತೆರೆಯಿರಿ. ಮರೆತರೆ ಆ ಹೋಸೇ ಹೊಸ ಅಡ್ಡ ಸಂಪರ್ಕ.

ಅಂಗಳದ ಹೋಸ್ ಮತ್ತು ಟಾಯ್ಲೆಟ್ಟಿನ ಹೆಲ್ತ್ ಫಾಸೆಟ್‌ನಿಂದಲೂ ಅಪಾಯವೇ?

ಹೋಸಿನಿಂದ ಖಂಡಿತ. ಕಾರು ತೊಳೆಯುವ ಸೋಪಿನ ಬಕೆಟ್ಟಿನಲ್ಲೋ, ಗಿಡಕ್ಕೆ ಔಷಧಿ ಕಲಸುವ ಡ್ರಮ್ಮಿನಲ್ಲೋ ಹೋಸ್ ಮುಳುಗಿಸಿ ನಲ್ಲಿ ತೆರೆದೇ ಬಿಡುತ್ತಾರೆ. ಅಷ್ಟರಲ್ಲಿ ಬೀದಿಯ ನೀರು ನಿಂತರೆ ಡ್ರಮ್ಮಿನಲ್ಲಿರುವುದು ಪೈಪಿಗೆ ಸೇರುತ್ತದೆ. ಡೈರೆಕ್ಟ್ ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ ಹೋಸ್ ವ್ಯಾಕ್ಯೂಮ್ ಬ್ರೇಕರ್ ಇದಕ್ಕೆ ಸಾಕು. ಸಿಗದಿದ್ದರೆ ಆ ನಲ್ಲಿಯನ್ನು ಓವರ್‌ಹೆಡ್ ಟ್ಯಾಂಕಿನ ಪೈಪಿಗೆ ಬದಲಾಯಿಸಿಬಿಡಿ.

ಹೆಲ್ತ್ ಫಾಸೆಟ್ ಟ್ಯಾಂಕಿನ ಪೈಪಿನಲ್ಲಿರುವುದರಿಂದ ಬೀದಿಗೆ ತಲುಪದು. ಆದರೆ ಟ್ಯಾಂಕು ಖಾಲಿಯಾಗಿ, ಮೇಲಿನ ಮಹಡಿಯ ಫಾಸೆಟ್ ಕಮೋಡಿನಲ್ಲೋ ಬಕೆಟ್ಟಿನಲ್ಲೋ ಮುಳುಗಿದ್ದು, ಕೆಳಮಹಡಿಯಲ್ಲಿ ನಲ್ಲಿ ತೆರೆದರೆ ಅದು ಮನೆಯೊಳಗೇ ಹಿಂದಕ್ಕೆ ಎಳೆಯುತ್ತದೆ. ಆಂಗಲ್ ಕಾಕ್ ಮುಚ್ಚಿ, ಫಾಸೆಟನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ. ಅಡುಗೆಮನೆಗೆ ಮತ್ತು ಟಾಯ್ಲೆಟ್ಟಿಗೆ ಟ್ಯಾಂಕಿನಿಂದಲೇ ಬೇರೆ ಬೇರೆ ಪೈಪ್ ಇಳಿಸಿದರೆ ಈ ಚಿಂತೆಯೇ ಇರುವುದಿಲ್ಲ.

ಅಮೆರಿಕದಲ್ಲಿರುವ ಮಗ ಆರ್‌ಪಿಜೆಡ್ ಹಾಕಿಸಿ ಎನ್ನುತ್ತಾನೆ. ಹಾಕಿಸಬೇಕೇ?

ಮನೆಗೆ ಬೇಡ. ಅಲ್ಲಿ ದಿನವಿಡೀ ಒತ್ತಡದ ನೀರಿದೆ, ವರ್ಷಕ್ಕೊಮ್ಮೆ ಗೇಜ್ ಹಿಡಿದು ಪರೀಕ್ಷಿಸುವ ತರಬೇತಿ ಪಡೆದವರಿದ್ದಾರೆ. ಆರ್‌ಪಿಜೆಡ್ ತನ್ನಲ್ಲೇ ಸುಮಾರು 70ರಿಂದ 85 ಕಿಲೋಪಾಸ್ಕಲ್ ಒತ್ತಡ ನುಂಗುತ್ತದೆ, ಅಂದರೆ ಏಳೆಂಟು ಮೀಟರ್ ಎತ್ತರದ ನೀರು. ನಮ್ಮ ಎಷ್ಟೋ ಬೀದಿಗಳಲ್ಲಿ ಅಷ್ಟು ಒತ್ತಡವೇ ಬರುವುದಿಲ್ಲ. ನೀರು ಬಂದು ನಿಂತು ಆಗುವ ಪ್ರತಿ ಸಲವೂ ರಿಲೀಫ್ ವಾಲ್ವ್ ನೀರು ಚೆಲ್ಲುತ್ತದೆ.

ಆಸ್ಪತ್ರೆ, ಲ್ಯಾಬ್, ಕೂಲಿಂಗ್ ಟವರ್, ಬಣ್ಣ ಅಥವಾ ರಾಸಾಯನಿಕ ಬಳಸುವ ಕಾರ್ಖಾನೆ, ಇಂಥಲ್ಲಿ ಪಂಪ್ ಮಾಡಿದ ಒಳಗಿನ ಪೈಪಿಗೆ ಅದು ತಕ್ಕದ್ದು. ಹಾಕಿಸುವುದಾದರೆ ನೆಲದಿಂದ 300 ಮಿ.ಮೀ. ಮೇಲಿರಲಿ, ಹಳ್ಳದಲ್ಲಿ ಬೇಡ. ಹಳ್ಳ ತುಂಬಿ ರಿಲೀಫ್ ಬಾಯಿ ಮುಳುಗಿದರೆ ಅಲ್ಲಿಂದಲೇ ಕೊಳಕು ಒಳಗೆ ಹೋಗುತ್ತದೆ. ಅದೇ ಜಾಗದಲ್ಲಿ ಪುಟ್ಟ ಬೇರೆ ಟ್ಯಾಂಕಿಟ್ಟು, ಗ್ಯಾಪ್ ಬಿಟ್ಟು ನೀರು ತುಂಬಿಸಿ, ಅಲ್ಲಿಂದ ಪಂಪ್ ಮಾಡಲು ಸಾಧ್ಯವಿದ್ದರೆ ನಮ್ಮ ಮತ ಅದಕ್ಕೇ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ನೀರನ್ನು ಫ್ಲಶ್‌ಗೆ ಬಳಸುತ್ತೇವೆ. ಎನ್‌ಆರ್‌ವಿ ಸಾಕೇ?

ಖಂಡಿತ ಸಾಲದು. ಎಸ್‌ಟಿಪಿ ನಿಂತ ದಿನ ಫ್ಲಶ್ ಟ್ಯಾಂಕಿಗೆ ಒಳ್ಳೆಯ ನೀರು ತುಂಬಿಸಲು ಎರಡೂ ಪೈಪುಗಳ ನಡುವೆ ಒಂದು ಬೈಪಾಸ್ ಕೂಡಿಸಿರುತ್ತಾರೆ. ಅದನ್ನು ತೆಗೆಸಿ. ಒಳ್ಳೆಯ ನೀರು ಫ್ಲಶ್ ಟ್ಯಾಂಕಿಗೆ ಮೇಲಿನಿಂದ, ಕಣ್ಣಿಗೆ ಕಾಣುವ ಗ್ಯಾಪ್ ಬಿಟ್ಟೇ ಬೀಳಬೇಕು. ಸಂಸ್ಕರಿಸಿದ ನೀರಿನ ಪೈಪಿಗೆ ಬೇರೆ ಬಣ್ಣ ಬಳಿಸಿ, ಪ್ರತಿ ಮಹಡಿಯ ಡಕ್ಟಿನಲ್ಲೂ "ಕುಡಿಯಲು ಅಲ್ಲ" ಎಂದು ಬರೆಸಿ. ಫ್ಲ್ಯಾಟ್ ನವೀಕರಿಸುವವರ ಪ್ಲಂಬರ್ ಹತ್ತಿರ ಸಿಕ್ಕ ಪೈಪಿಗೆ ನಲ್ಲಿ ಸೇರಿಸುವುದು ನಡೆಯುತ್ತಲೇ ಇರುತ್ತದೆ. ಕೆಲಸ ಮುಗಿದೊಡನೆ ಫ್ಲಶ್ ಪೈಪನ್ನು ಮುಚ್ಚಿ, ಆ ಫ್ಲ್ಯಾಟಿನ ಎಲ್ಲ ನಲ್ಲಿಗಳಲ್ಲೂ ನೀರು ಬರುತ್ತಿದೆಯೇ ನೋಡಿ. ಯಾವುದರಲ್ಲಿ ನಿಂತಿತೋ ಅದು ತಪ್ಪು ಪೈಪಿಗೆ ಕೂತಿದೆ.

ಎನ್‌ಆರ್‌ವಿ ಹಾಕಿಸಿದರೆ ಗೀಸರಿಗೆ ತೊಂದರೆಯೇ?

ಟ್ಯಾಂಕಿನಿಂದ ಗೀಸರಿಗೆ ನೀರು ಬರುತ್ತಿದ್ದರೆ, ಕಾದು ಹಿಗ್ಗಿದ ನೀರು ಹಿಂದಕ್ಕೆ ಟ್ಯಾಂಕಿನ ಕಡೆ ಸರಿಯುತ್ತದೆ. ಗೀಸರಿನ ಒಳಪೈಪಿಗೆ ಎನ್‌ಆರ್‌ವಿ ಹಾಕಿದರೆ ಆ ದಾರಿ ಮುಚ್ಚುತ್ತದೆ. ಆಗ ಒತ್ತಡ ಬಿಡುವ ಸೇಫ್ಟಿ ವಾಲ್ವ್ ಸುಸ್ಥಿತಿಯಲ್ಲಿರಲೇಬೇಕು. ಅದು ಹನಿ ಬಿಡುತ್ತದೆಂದು ಯಾವ ಕಾರಣಕ್ಕೂ ಬಿರಡೆ ಹೊಡೆಯಬೇಡಿ.

ತೋಟದಲ್ಲಿ ಡ್ರಿಪ್ ಜೊತೆ ರಸಗೊಬ್ಬರ ಬಿಡುತ್ತೇವೆ. ಅಲ್ಲಿ?

ಮೋಟರ್ ನಿಂತೊಡನೆ ವೆಂಚುರಿಯ (ಹರಿಯುವ ನೀರಿಗೆ ಗೊಬ್ಬರ ಎಳೆದುಕೊಳ್ಳುವ ಸಾಧನ) ಗೊಬ್ಬರದ ನೀರು ಬೋರ್‌ವೆಲ್ ಕಡೆ ಇಳಿಯಬಹುದು. ಪಂಪಿಗೂ ವೆಂಚುರಿಗೂ ನಡುವೆ ಎನ್‌ಆರ್‌ವಿ, ಅದಕ್ಕಿಂತ ಹಿಂದೆ ಪಂಪಿನ ಕಡೆ ಗಾಳಿ ಎಳೆದುಕೊಳ್ಳುವ ಏರ್ ವಾಲ್ವ್ ಮತ್ತು ತಗ್ಗಿನಲ್ಲಿ ಡ್ರೈನ್ ಇಡಿ. ಅದೇ ಬೋರಿನಿಂದ ಕುಡಿಯಲು ತೆಗೆದುಕೊಳ್ಳುವವರು ಡ್ರಿಪ್ ನೀರನ್ನು ಬೇರೆ ತೊಟ್ಟಿಗೆ ಬಿಟ್ಟು, ಅಲ್ಲಿಂದ ಪಂಪ್ ಮಾಡಲಿ.

ಬೀದಿಯ ಪೈಪಿಗೇ ಮೋಟರ್ ಕೂಡಿಸಿ ಎನ್‌ಆರ್‌ವಿ ಹಾಕಿದರೆ ಆಗುವುದಿಲ್ಲವೇ?

ಕೂಡದು. ಅದು ಕಾನೂನಿಗೆ ವಿರುದ್ಧ. ಮೋಟರ್ ಎಳೆದಾಗ ಬೀದಿಯ ಪೈಪಿನಲ್ಲೇ ನಿರ್ವಾತವಾಗಿ, ಸೋರುವ ಜಾಯಿಂಟುಗಳ ಮೂಲಕ ಸುತ್ತಲಿನ ಕೊಳಚೆ ಒಳಗೆ ಬರುತ್ತದೆ, ಪಕ್ಕದ ಮನೆಯ ಸಂಪಿನ ನೀರೂ ಬರುತ್ತದೆ. ಯಾವ ವಾಲ್ವೂ ಇದಕ್ಕೆ ಪರಿಹಾರವಲ್ಲ.

ಕೊಳಚೆ ಸೇರಿದೆ ಎಂಬ ಅನುಮಾನ ಬಂದರೆ ಮೊದಲು ಏನು ಮಾಡಬೇಕು?

ಮೀಟರ್ ಪಕ್ಕದ ವಾಲ್ವ್ ಮುಚ್ಚಿ, ಮೋಟರ್ ನಿಲ್ಲಿಸಿ, ಜಲಮಂಡಳಿಗೂ ಅಕ್ಕಪಕ್ಕದ ಮನೆಗಳಿಗೂ ತಿಳಿಸಿ. ಪರೀಕ್ಷೆಗೆಂದು ಸ್ವಚ್ಛ ಬಾಟಲಿಯಲ್ಲಿ ನೀರು ಹಿಡಿದಿಡಿ. ಕ್ಲೋರಿನ್ ಕಿಟ್ ಇದ್ದರೆ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮಾದರೂ ಕ್ಲೋರಿನ್ ಉಳಿದಿದೆಯೇ ನೋಡಿ. ಏನೂ ಉಳಿದಿಲ್ಲವೆಂದರೆ ಅನುಮಾನ ಗಟ್ಟಿಯಾಗುತ್ತದೆ. ಎಲ್ಲ ಸರಿಪಡಿಸಿ ಸ್ವಚ್ಛ ಮಾಡುವವರೆಗೆ ಕುಡಿಯಲು, ಹಲ್ಲುಜ್ಜಲು, ಪಾತ್ರೆ ತೊಳೆಯಲು ಆ ನೀರು ಬೇಡ.

ಕಾರಣ ಹುಡುಕಿ ಸರಿಪಡಿಸಿದ ಮೇಲೆಯೇ ಸ್ವಚ್ಛತೆ. ಸಂಪು, ಟ್ಯಾಂಕು ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ಬಹಳ ಹೊತ್ತು ತೆರೆದಿಟ್ಟು ಗಾಳಿಯಾಡಿಸಿ, ಮೇಲೆ ಒಬ್ಬರು ನಿಂತಿರಲಿ. ಮತ್ತೆ ನೀರು ತುಂಬಿಸುವಾಗ 1,000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ. ಹಳೆಯ ಪೌಡರ್ ಬೇಡ, ತೆರೆದಿಟ್ಟ ಪ್ಯಾಕೆಟ್ಟಿನ ಕ್ಲೋರಿನ್ ಹಾರಿಹೋಗಿರುತ್ತದೆ. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ಇಳಿದ ಮೇಲೆ ತಿಳಿನೀರನ್ನಷ್ಟೇ ಸುರಿಯಿರಿ. ಟ್ಯಾಂಕಿಗೆ ಹತ್ತಿರದ ನಲ್ಲಿಯಿಂದ ಶುರುಮಾಡಿ ಒಂದೊಂದನ್ನೇ ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಿ, ಟ್ಯಾಂಕನ್ನು ಮತ್ತೆ ತುಂಬಿಸಿ, ಕನಿಷ್ಠ ಮೂರು ಗಂಟೆ ಹಾಗೇ ಬಿಡಿ. ಆಮೇಲೆ ನಲ್ಲಿಯ ನೀರಿನಲ್ಲಿ ಇನ್ನೂ ಕ್ಲೋರಿನ್ ಇರಬೇಕು, ಇಲ್ಲದಿದ್ದರೆ ಮತ್ತೊಮ್ಮೆ ಮಾಡಬೇಕು. ನಂತರ ಎಲ್ಲವನ್ನೂ ಹರಿಯಬಿಟ್ಟು ಹೊಸ ನೀರು ತುಂಬಿಸಿ. ಈ ಕೆಲಸಕ್ಕೆ ಮೊದಲು ಆರ್‌ಒ ಯಂತ್ರದ ಪೈಪ್ ಬಿಚ್ಚಿಡಿ, ಇಷ್ಟು ಕ್ಲೋರಿನ್ ತಾಗಿದರೆ ಅದರ ಮೆಂಬ್ರೇನ್ ಹಾಳಾಗುತ್ತದೆ. ಸೋಸುವ ಕ್ಯಾಂಡಲ್, ಕಾರ್ಬನ್ ಫಿಲ್ಟರ್ ಕೊಳಚೆ ನೀರು ಕಂಡಿದ್ದರೆ ತೊಳೆದು ಉಳಿಸಿಕೊಳ್ಳಲು ನೋಡದೆ ಹೊಸದು ಹಾಕಿಸಿ.